ವಯರಿಲ್ಲದ ಸ್ಪೀಕರಿಗೆ ಎರಡು ಪ್ಲಗ್

ಹೊಸನಗರದ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿರುವುದು ಒಂದೇ ಪ್ಲಗ್ ಪಾಯಿಂಟ್. ಟಿವಿ ಮತ್ತು ಇಂಟರ್‌ನೆಟ್ಟಿನ ಪೆಟ್ಟಿಗೆ ಅಲ್ಲಿ ಮೊದಲೇ ಜಾಗ ಹಿಡಿದಿದ್ದವು. ನನ್ನ ಗಂಡ ರಟ್ಟಿನ ಡಬ್ಬಿ ಕೊಯ್ದು ಎರಡು ಕಪ್ಪು ಸ್ಪೀಕರುಗಳನ್ನು ಮಗುವನ್ನು ಎತ್ತುವ ಹಾಗೆ ಎತ್ತಿ ಹೊರಗಿಟ್ಟರು. ಎರಡರ ಬೆನ್ನಿನಿಂದಲೂ ಒಂದೊಂದು ಕರೆಂಟಿನ ವಯರು ಜೋತಾಡುತ್ತಿತ್ತು.

"ವಯರ್‌ಲೆಸ್ ಅಂದ್ರಲ್ಲ?" ಎಂದೆ.

"ವಯರ್‌ಲೆಸ್ಸೇ ಮಾರಾಯ್ತಿ. ಹಾಡು ಗಾಳೀಲಿ ಬರುತ್ತೆ. ಕರೆಂಟೂ ಗಾಳೀಲಿ ಬಾ ಅಂದ್ರೆ ಬರುತ್ತಾ?"

ಅದೇ ಸಂಜೆ ಪೇಟೆಗೆ ಹೋಗಿ ಉದ್ದನೆಯ ಎಕ್ಸ್‌ಟೆನ್ಷನ್ ಬಾಕ್ಸ್ ತಂದರು. ಅದರ ವಯರು ಗೋಡೆಗುಂಟ ಹರಿದು, ಅಡಿಗೆಮನೆಯ ಬಾಗಿಲಿಗೆ ಅಡ್ಡವಾಗಿ ದಾಟಿ, ಇನ್ನೊಂದು ಮೂಲೆ ಸೇರಿತು. ಯಾರೂ ಎಡವದಿರಲಿ ಎಂದು ಅದರ ಮೇಲೆ ಕಾಲೊರೆಸುವ ಮ್ಯಾಟ್ ಹಾಸಿದವರೂ ಅವರೇ. ಇಷ್ಟು ವರ್ಷ ನನ್ನ ವಯರುಗಳನ್ನು ಬೈದುಕೊಂಡೇ ಬಂದ ಮನುಷ್ಯ ಈ ವಯರಿಗೆ ಹಾಸಿಗೆ ಹಾಸಿದ್ದನ್ನು ನೋಡಿ ನನಗೆ ನಗು ಬರಬೇಕಿತ್ತು. ಬರಲಿಲ್ಲ.

ನನ್ನದು ಸರ್ಕಾರಿ ಕಾಲೇಜಿನಲ್ಲಿ ಲೈಬ್ರರಿಯನ್ ಕೆಲಸ. ಸಾಗರದಲ್ಲಿ ಬಹಳ ವರ್ಷ ಇದ್ದು, ವರ್ಗವಾಗಿ ಹೊಸನಗರಕ್ಕೆ ಬಂದೆ. ಸಾಗರದ ಮನೆಯಲ್ಲಿ ನನ್ನದೊಂದು ಸಂಸಾರವಿತ್ತು. ಸೌಂಡ್ ಸರ್ವಿಸ್ ಮುಚ್ಚಿದವರೊಬ್ಬರಿಂದ ಕೊಂಡ ಆಂಪ್ಲಿಫೈಯರ್, ಸಹೋದ್ಯೋಗಿಯೊಬ್ಬರು ಊರು ಬಿಡುವಾಗ ಬಿಟ್ಟುಕೊಟ್ಟ ಕ್ಯಾಸೆಟ್ ಡೆಕ್, ಒಂದು ರೆಕಾರ್ಡ್ ಪ್ಲೇಯರ್, ಮತ್ತು ಬಡಗಿಯ ಎದುರು ಕುಳಿತು ಮಾಡಿಸಿದ, ನನ್ನ ಸೊಂಟದ ಎತ್ತರದ ಎರಡು ಸ್ಪೀಕರ್ ಪೆಟ್ಟಿಗೆಗಳು. ಬಡಗಿ ಅವನ್ನು ಕೊನೆಯವರೆಗೂ ಬೀರು ಎಂದೇ ಕರೆದ, ಬಾಗಿಲು ಯಾಕೆ ಬೇಡ ಎಂದು ಕೇಳುತ್ತಲೇ ಇದ್ದ. ಹೆಂಗಸಿಗೆ ಇಂಥ ಹುಚ್ಚು ಇರಬಾರದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಂಗಡಿಯಲ್ಲಿ ನಾನು ಪ್ರಶ್ನೆ ಕೇಳಿದರೆ ಅಂಗಡಿಯವರು ಉತ್ತರವನ್ನು ನನ್ನ ಗಂಡನಿಗೆ ಹೇಳುತ್ತಿದ್ದರು. ಪಾಪ, ಅವರು ಏನೂ ಅರ್ಥವಾಗದೆ ತಲೆ ಆಡಿಸಿ, ಹೊರಗೆ ಬಂದಮೇಲೆ "ಅವ್ನು ಎಂತ ಹೇಳಿದ್ದು?" ಎಂದು ನನ್ನನ್ನೇ ಕೇಳುತ್ತಿದ್ದರು.

ಹೊಸನಗರದಲ್ಲಿ ಸಿಕ್ಕಿದ್ದು ಮಹಡಿ ಮೇಲಿನ ಮನೆ. ಹೊರಗಿನ ಮೆಟ್ಟಿಲು ಕಿರಿದು, ಮಧ್ಯೆ ಒಂದು ತಿರುವು. ದೊಡ್ಡ ಪೆಟ್ಟಿಗೆಗಳು ಆ ತಿರುವಿನಲ್ಲಿ ಹಾಯುವುದಿಲ್ಲವೆಂದು ಅಳತೆ ಹಿಡಿದಾಗಲೇ ತಿಳಿಯಿತು. ಡೆಕ್ಕನ್ನು ಬಟ್ಟೆಯಲ್ಲಿ ಸುತ್ತಿ, ಕ್ಯಾಸೆಟ್ಟುಗಳ ಜೊತೆಗೆ ತಂದೆ. ಉಳಿದದ್ದೆಲ್ಲ ಸಾಗರದಲ್ಲಿ ನಾದಿನಿಯ ಮನೆಯಲ್ಲಿ ಉಳಿಯಿತು. ಬೇರೆ ಮನೆ ಸಿಗುವವರೆಗೆ ಎಂಬ ಮಾತು.

ಸಹಕಾರಿ ಸಂಘದಲ್ಲಿ ಕೆಲಸ ಮಾಡಿ ನಿವೃತ್ತರಾದ ನನ್ನ ಗಂಡ ಸಂಜೆ ಹೊತ್ತು ನಾನು ಸುಮ್ಮನೆ ಕೂತಿರುವುದನ್ನು ಗಮನಿಸುತ್ತಿದ್ದರಂತೆ. ನನಗೆ ಹೇಳದೆ ಆನ್‌ಲೈನಿನಲ್ಲಿ ನೋಡಿ, ಯಾರು ಯಾರನ್ನೋ ಕೇಳಿ, ಈ ಜೋಡಿ ತರಿಸಿದರು. ಆಂಪ್ಲಿಫೈಯರ್ ಸ್ಪೀಕರಿನ ಹೊಟ್ಟೆಯೊಳಗೇ ಇದೆ, ಬೇರೆ ಏನೂ ಬೇಡ, ಎಂದು ಕಂಪನಿಯವರಿಗಿಂತ ಹೆಚ್ಚು ಅಭಿಮಾನದಿಂದ ವಿವರಿಸಿದರು. ಅಕ್ಕರೆಯಿಂದ ತಂದ ವಸ್ತುವನ್ನು ಬೇಡ ಎನ್ನುವುದು ಹೇಗೆ? "ಚೆನ್ನಾಗಿದೆ" ಎಂದೆ. ಆ ಒಂದು ಮಾತು ಮುಂದೆ ನನ್ನನ್ನು ಬಹಳ ಕಾಡಿತು.

ನಿಜ ಹೇಳಬೇಕೆಂದರೆ ಧ್ವನಿ ಚೆನ್ನಾಗಿಯೇ ಇತ್ತು. ಕೆಟ್ಟದಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಇಷ್ಟು ಚಿಕ್ಕ ಡಬ್ಬಿಯಿಂದ ಮೃದಂಗದ ಎಡಗೈ ಅಷ್ಟು ಗಟ್ಟಿಯಾಗಿ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ನನ್ನ ದೊಡ್ಡ ಪೆಟ್ಟಿಗೆಗಳಲ್ಲಿ ಯಾವಾಗಲೂ ಇರುತ್ತಿದ್ದ ಸಣ್ಣ ಗುಂಯ್‌ಗುಡುವಿಕೆ ಇಲ್ಲಿ ಇಲ್ಲವೇ ಇಲ್ಲ. ಆದರೆ ಆ ಧ್ವನಿಯ ಹತ್ತಿರ ಹೋಗಬೇಕಾದರೆ ದಾಟಬೇಕಾದ ಬಾಗಿಲುಗಳೆಷ್ಟು! ಮೊದಲು ಫೋನಿನಲ್ಲಿ ಆ್ಯಪ್ ಹಾಕಬೇಕು. ಅದು ನನ್ನ ಹುಟ್ಟಿದ ದಿನ ಕೇಳಿತು, ಇಮೇಲ್ ಕೇಳಿತು, ಪಾಸ್‌ವರ್ಡಿನಲ್ಲಿ ದೊಡ್ಡಕ್ಷರವೂ ಚಿಹ್ನೆಯೂ ಬೇಕೆಂದಿತು, ಕೊನೆಗೆ ನನ್ನ ಕೋಣೆಗೆ ಹೆಸರಿಡು ಎಂದಿತು. ಒಂದು ಹಾಡು ಕೇಳಲು ನಾನು ಮನೆಗೆ ನಾಮಕರಣ ಮಾಡಬೇಕು. ಎಲ್ಲ ಮುಗಿದು ಹಾಡು ಶುರುವಾದರೆ, ಇಂಟರ್‌ನೆಟ್ ಹೋಗುತ್ತಿತ್ತು. ನಮ್ಮಲ್ಲಿ ಅದು ಹೋಗಲು ದೊಡ್ಡ ಕಾರಣವೇನೂ ಬೇಕಾಗಿಲ್ಲ. ನೆಟ್ ವಾಪಸ್ ಬಂದಾಗ ಎಡಗಡೆಯ ಸ್ಪೀಕರಿಗೆ ಬಲಗಡೆಯದರ ಗುರುತೇ ಸಿಗುತ್ತಿರಲಿಲ್ಲ. ಒಂದು ಹಾಡುತ್ತಿದ್ದರೆ ಇನ್ನೊಂದು ದೀಪ ಮಿಟುಕಿಸುತ್ತ ಕೂತಿರುತ್ತಿತ್ತು.

ತಿರುಗಿಸಲು ಒಂದು ಗುಂಡಿಯೂ ಇರಲಿಲ್ಲ. ತಲೆಯ ಮೇಲೆ ನುಣ್ಣನೆಯ ಗಾಜು, ಅದರ ಮೇಲೆ ಬೆರಳಾಡಿಸಬೇಕು. ಬೆಳಿಗ್ಗೆ ಇವರು ಧೂಳು ಒರೆಸಲು ಬಟ್ಟೆ ತಾಗಿಸಿದರೆ ಸಾಕು, ಹಿಂದಿನ ದಿನ ಎಲ್ಲಿ ನಿಂತಿತ್ತೋ ಅಲ್ಲಿಂದ ಹಾಡು ಜೋರಾಗಿ ಕೂಗಿಕೊಳ್ಳುತ್ತಿತ್ತು. ಇವರು ಬೆಚ್ಚಿ ಹಿಂದೆ ಸರಿಯುತ್ತಿದ್ದರು. ಆಮೇಲೆ ನನ್ನ ಕಡೆ ನೋಡಿ, "ಎಷ್ಟು ಚುರುಕು ನೋಡು" ಎನ್ನುತ್ತಿದ್ದರು.

ಇದನ್ನೆಲ್ಲ ನುಂಗಿಕೊಂಡು ಇರುತ್ತಿದ್ದೆನೋ ಏನೋ. ಆದರೆ ಒಂದು ಭಾನುವಾರ ಟೀಚರ್ ಬಂದರು.

ಟೀಚರ್ ತೀರ್ಥಹಳ್ಳಿಯವರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಕೆಲಸದ ಮೇಲೆ ಸಾಗರದಲ್ಲಿದ್ದಾಗ ನಮ್ಮ ಪಕ್ಕದ ಮನೆ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಮದುವೆಯಾಗದೆ ಒಬ್ಬರೇ ಇದ್ದವರು. ಅವರ ತಂದೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಭಾಗವತರು ಪದ್ಯ ಹಾಡಿದ ಮೇಲೆ ವೇಷ ಕುಣಿತ ಯಾವುದೂ ಇಲ್ಲದೆ, ಕುಳಿತಲ್ಲೇ ಪಾತ್ರವಾಗಿ ಮಾತಾಡುವವರು. ಅವರ ಧ್ವನಿ ಇರುವ ಕ್ಯಾಸೆಟ್ ಉಳಿದಿರುವುದು ಒಂದೇ ಒಂದು. ಯಾರೋ ಜನರ ನಡುವೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ಟೀಚರ್ ಹತ್ತಿರ ಅದನ್ನು ಹಾಕಲು ಏನೂ ಇಲ್ಲದ್ದರಿಂದ ಕ್ಯಾಸೆಟ್ ನನ್ನ ಬಳಿಯೇ ಇತ್ತು. ಸಾಗರದಲ್ಲಿದ್ದಾಗ ವರ್ಷಕ್ಕೊಮ್ಮೆಯಾದರೂ ನಮ್ಮ ಮನೆಗೆ ಬಂದು, ದೊಡ್ಡ ಪೆಟ್ಟಿಗೆಗಳ ಎದುರು ಬೆನ್ನು ನೆಟ್ಟಗೆ ಮಾಡಿ ಕೂತು ಕೇಳಿ ಹೋಗುತ್ತಿದ್ದರು.

ಆ ತಂದೆ ಮಾತಿನ ಮಲ್ಲರಲ್ಲ. ಎದುರಾಳಿ ಚುಚ್ಚಿ ಕೇಳಿದರೆ ತಕ್ಷಣ ಉತ್ತರ ಕೊಡುತ್ತಿರಲಿಲ್ಲ. ಸುಮ್ಮನಾಗುತ್ತಿದ್ದರು. ಕ್ಯಾಸೆಟ್ಟಿನಲ್ಲಿ ಅಂಥ ಒಂದು ಜಾಗ ಇದೆ. ಎದುರು ಕೂತವರು ಬಹಳ ಹೊತ್ತು ಆರೋಪ ಹೊರಿಸಿ, ಕೊನೆಗೆ "ತಪ್ಪು ನಿನ್ನದೇ ಅಲ್ಲವೇ?" ಎಂದು ಕೇಳುತ್ತಾರೆ. ಟೀಚರ್ ತಂದೆ ಮಾತಾಡುವುದಿಲ್ಲ. ಟೇಪಿನ ಸುಯ್ಯೆನ್ನುವ ಸದ್ದು, ಯಾರೋ ಬೆಂಚು ಸರಿಸಿದ್ದು, ಎಲ್ಲೋ ಹಿಂದೆ ಒಂದು ಕೆಮ್ಮು. ಆಮೇಲೆ ಮೆಲ್ಲಗೆ, ತನಗೇ ಹೇಳಿಕೊಂಡ ಹಾಗೆ, "ಹೌದು" ಎನ್ನುತ್ತಾರೆ. ಮತ್ತೆ ಮೌನ. ಅದಾದ ಮೇಲೆ ಅರ್ಥ ಶುರುವಾಗುತ್ತದೆ. ಟೀಚರ್ ಇಡೀ ಕ್ಯಾಸೆಟ್ ಕೇಳುವುದು ಆ ಒಂದು "ಹೌದು"ಗಾಗಿ.

ಅವರು ಬೆಳಗಿನ ಬಸ್ಸಿಗೆ ಬಂದರು. ಕೈಚೀಲದಲ್ಲಿ ನನಗೆ ಅಪ್ಪೆಮಿಡಿ ಉಪ್ಪಿನಕಾಯಿ. ಸ್ಪೀಕರ್ ನೋಡಿ, "ಇಷ್ಟೇ ಇಷ್ಟ್ ಇದ್ಯಲ್ಲೇ!" ಎಂದರು. ಇವರು ಖುಷಿಯಾಗಿ ಸ್ಪೀಕರಿನ ಗುಣಗಾನ ಮಾಡಿದರು. ನಾನು ಡೆಕ್‌ನಿಂದ ಒಂದು ವಯರು ಎಳೆದು ಸ್ಪೀಕರಿನ ಬೆನ್ನಿಗಿದ್ದ ಒಂದೇ ಒಂದು ತೂತಿಗೆ ಚುಚ್ಚಿದೆ. ಕ್ಯಾಸೆಟ್ ಹಾಕಿದೆ. ಭಾಗವತರ ಪದ್ಯ ಬಂತು, ಮದ್ದಳೆ ಬಂತು. ಟೀಚರ್ ಕೈ ಮಡಿಲಲ್ಲಿಟ್ಟು ಕಣ್ಣು ಮುಚ್ಚಿದರು.

"ತಪ್ಪು ನಿನ್ನದೇ ಅಲ್ಲವೇ?"

ಮೌನ. ಒಂದು ಕ್ಷಣ ಟೇಪಿನ ಸುಯ್ಯೆನ್ನುವ ಸದ್ದು ಇತ್ತು. ನಂತರ ಅದೂ ಹೋಯಿತು. ಬಾಗಿಲು ಹಾಕಿಕೊಂಡ ಹಾಗೆ ಸ್ಪೀಕರ್ ಪೂರ್ತಿ ಸತ್ತುಹೋಯಿತು. ನಾವು ಕಾದೆವು. ಇದ್ದಕ್ಕಿದ್ದಂತೆ ಮತ್ತೆ ಜೀವ ಬಂದು, ಅರ್ಥದ ಎರಡನೆಯ ವಾಕ್ಯದ ನಡುವಿನಿಂದ ಮಾತು ಶುರುವಾಯಿತು.

ಟೀಚರ್ ಕಣ್ಣು ಬಿಟ್ಟರು. "ಅಪ್ಪ ಹೌದು ಅಂತಿದ್ರಲ್ಲೇ. ಎಲ್ಲಿ ಹೋಯ್ತು?"

"ಕನೆಕ್ಷನ್ ಸರಿ ಕೂತಿಲ್ಲ ಟೀಚರ್" ಎಂದು ಹಿಂದಕ್ಕೆ ಸುತ್ತಿದೆ. ಮತ್ತೆ ಅದೇ. ಡೆಕ್ಕಿನ ಸದ್ದು ಏರಿಸಿದೆ. ಭಾಗವತರು ಕಿವಿಗೆ ಹೊಡೆಯುವಷ್ಟು ಜೋರಾದರು, ಆದರೆ ಮೌನ ಬಂದ ಕೂಡಲೇ ಸ್ಪೀಕರ್ ಮತ್ತೆ ಬಾಯಿ ಮುಚ್ಚಿತು. ಸದ್ದು ತೀರಾ ಕಡಿಮೆಯಾದರೆ ಹಾಡು ಮುಗಿಯಿತೆಂದುಕೊಂಡು ತಾನೇ ಸುಮ್ಮನಾಗುವುದು ಅದರ ಬುದ್ಧಿ. ಮತ್ತೆ ಎಚ್ಚರವಾಗಲು ಅದಕ್ಕೆ ದೊಡ್ಡ ದನಿ ಬೇಕು. ಆ ಮೆಲ್ಲನೆಯ "ಹೌದು" ಅದನ್ನು ಎಬ್ಬಿಸುವಷ್ಟು ದೊಡ್ಡದಾಗಿರಲಿಲ್ಲ.

"ತಡಿ, ಆ್ಯಪಲ್ಲಿ ಸೆಟ್ಟಿಂಗ್ ಇರುತ್ತೆ" ಎಂದು ಇವರು ಕನ್ನಡಕ ಹಾಕಿಕೊಂಡು ಫೋನು ಹಿಡಿದರು. ಆ್ಯಪ್ ತೆರೆದುಕೊಳ್ಳದೆ ಮೊದಲು ಅಪ್‌ಡೇಟ್ ಮಾಡು ಎಂದಿತು. ಅಪ್‌ಡೇಟ್ ಆಯಿತು. ಮತ್ತೆ ಪಾಸ್‌ವರ್ಡ್ ಕೇಳಿತು. ಆಮೇಲೆ ಸ್ಪೀಕರಿಗೂ ಅಪ್‌ಡೇಟ್ ಬೇಕೆಂದಿತು. ಸ್ಪೀಕರಿನ ತಲೆಯ ಮೇಲೆ ಬಿಳಿ ದೀಪ ಸುತ್ತತೊಡಗಿತು. ಸುತ್ತುವಾಗ ಏನೂ ಕೇಳುವಂತಿಲ್ಲ. ನಾವು ಊಟ ಮಾಡಿದೆವು. ದೀಪ ಸುತ್ತುತ್ತಲೇ ಇತ್ತು. ಎಲ್ಲ ಮುಗಿದ ಮೇಲೆ ಸೆಟ್ಟಿಂಗುಗಳನ್ನು ಒಂದೊಂದಾಗಿ ಹುಡುಕಿದರೆ ತಾನೇ ಸುಮ್ಮನಾಗುವ ಈ ಬುದ್ಧಿಯನ್ನು ನಿಲ್ಲಿಸುವ ಜಾಗವೇ ಇರಲಿಲ್ಲ. ಅಷ್ಟರಲ್ಲಿ ಟೀಚರ್ ಬಸ್ಸಿನ ಹೊತ್ತಾಯಿತು.

"ಬಿಡು ಮಾರಾಯ್ತಿ, ಉಳಿದದ್ದೆಲ್ಲ ಚಂದ ಕೇಳ್ತು" ಎಂದು ಹೇಳಿ ಚಪ್ಪಲಿ ಹಾಕಿಕೊಂಡರು. ಅವರು ಸಿಟ್ಟು ಮಾಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಅವರನ್ನು ಬಸ್ಸು ಹತ್ತಿಸಿ ಬಂದವಳು ಇವರ ಮೇಲೆ ಹರಿಹಾಯ್ದೆ.  ಇವರಿಗೂ ರೇಗಿತು.

"ಒಂದು ಮಾತಿಗೆ ಇಷ್ಟ್ ರಗಳೆಯಾ? ಅದ್ನ ಫೋನಿಗೆ ತುಂಬ್ಸಿ ಹಾಕಿದ್ರೆ ಬರಲ್ವಾ?"

"ಕ್ಯಾಸೆಟ್ ಹಾಕಿದ್ರೆ ಕೇಳ್ಬೇಕು. ಅದು ಸ್ಪೀಕರ್ ಕೆಲ್ಸ. ಯಾವ್ದು ಹಾಡು, ಯಾವ್ದು ಅಲ್ಲ ಅಂತ ತೀರ್ಮಾನ ಮಾಡೋಕೆ ಅದ್ಯಾರು?"

"ನಿನ್ಗೆ ಬೇಕಾಗಿರೋದು ಹಾಡಾ, ಪೆಟ್ಟಿಗೆಯಾ? ಅದ್ನಾದ್ರೂ ಹೇಳು."

 ಎರಡನ್ನೂ ಬೇರೆ ಮಾಡಿ ನಾನು ಯಾವತ್ತೂ ಯೋಚಿಸಿರಲಿಲ್ಲ. ಕ್ಯಾಸೆಟ್ಟನ್ನು ಬೆರಳಿನಿಂದ ಬಿಗಿ ಮಾಡುವುದು, ಗುಂಡಿ ತಿರುಗಿಸುವಾಗ ಕೈಗೆ ಸಿಗುವ ಬಿಗುವು, ಎದುರು ಕುರ್ಚಿ ಎಳೆದುಕೊಳ್ಳುವುದು, ಇವೆಲ್ಲ ಸೇರಿಯೇ ನನಗೆ ಕೇಳುವುದು. ಇದನ್ನು ಇವರಿಗೆ ಹೇಳಲು ಹೋದರೆ ಹಠದ ಹಾಗೆ ಕೇಳಿಸುತ್ತಿತ್ತು. "ನಾನು ತಂದಿದ್ದೇ ತಪ್ಪಾಯ್ತು" ಎಂದು ಅವರು ಎದ್ದುಹೋದರು. 

ಮುಂದಿನ ರಜೆಯಲ್ಲಿ ಒಂದು ಸ್ಪೀಕರನ್ನು ಚೀಲಕ್ಕೆ ಹಾಕಿಕೊಂಡು ಸಾಗರಕ್ಕೆ ಹೋದೆ. ನಾನು ಹಿಂದೆ ವಯರು, ಪಿನ್ನು ಕೊಳ್ಳುತ್ತಿದ್ದ ಅಂಗಡಿ ಇನ್ನೂ ಇತ್ತು. ಅಂಗಡಿಯವರು ನನ್ನನ್ನು ಗುರುತಿಸಿ, "ಸರ್ ಬಂದಿಲ್ವಾ?" ಎಂದರು. ಇಲ್ಲವೆಂದು ಸಮಸ್ಯೆ ಹೇಳಿದೆ. ಅವರು ಸ್ಪೀಕರನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟರು.

"ಮೇಡಂ, ಇದು ಫಾಲ್ಟಲ್ಲ. ಅದು ಇರೋದೇ ಹಂಗೆ. ಕರೆಂಟ್ ಉಳೀಲಿ ಅಂತ ಮಾಡಿರ್ತಾರೆ."

"ಒಳಗೆ ಅದೊಂದನ್ನ ತೆಗೆಯೋಕೆ ಆಗಲ್ವಾ?"

"ಬಿಚ್ಚಕ್ಕೇ ಬರಲ್ಲ. ಬಿಚ್ಚಿದ್ರೂ ಎಲ್ಲ ಒಂದೇ ಬೋರ್ಡು. ನಂಗೂ ಇದ್ರದ್ದು ಗೊತ್ತಿಲ್ಲ ಬಿಡಿ." ಆಮೇಲೆ ನನ್ನ ಮುಖ ನೋಡಿ, "ಬೇಕಾದ್ರೆ ದೊಡ್ಡ ಮಾಡೆಲ್ ಬಂದಿದೆ, ಅದೂ ವಯರ್‌ಲೆಸ್ಸೇ, ಸರ್‌ನ ಕರ್ಕೊಂಡ್ ಬನ್ನಿ, ತೋರಿಸ್ತೀನಿ" ಎಂದರು.

ಅಲ್ಲಿಂದ ಸೀದಾ ನಾದಿನಿಯ ಮನೆಗೆ ನಡೆದೆ. ಬಿಸಿಲು ನೆತ್ತಿಗೇರಿತ್ತು, ಚೀಲದ ಪಟ್ಟಿ ಹೆಗಲಿಗೆ ಕೊರೆಯುತ್ತಿತ್ತು. ಹಾಲಿಗೆ ಕಾಲಿಟ್ಟರೆ ಎದುರಿಗೆ ನನ್ನ ಎರಡು ಪೆಟ್ಟಿಗೆಗಳು. ಅವುಗಳ ಮೇಲೆ ಅಡ್ಡಲಾಗಿ ಒಂದು ಹಲಗೆ, ಹಲಗೆಯ ಮೇಲೆ ಹೂವಿನ ಕಸೂತಿಯ ಬಟ್ಟೆ, ಅದರ ಮೇಲೆ ದೊಡ್ಡ ಟಿವಿ. ನಾದಿನಿ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದಳು.

"ಅತ್ತಿಗೆ, ಬರ್ತೀನಿ ಅಂತ ಒಂದ್ ಫೋನ್ ಮಾಡೋದಲ್ವಾ? ಊಟ ಮಾಡಿ."

ಊಟ ಮಾಡಿದೆ. ಆಮೇಲೆ ಪೆಟ್ಟಿಗೆಗಳನ್ನು ತೆಗೆದುಕೊಂಡು ಹೋಗುತ್ತೇನೆಂದೆ. ಅವಳ ಮುಖ ಸಣ್ಣದಾಯಿತು.

"ಅಯ್ಯೋ, ಟಿವಿ ಎಲ್ಲಿಡೋದು ಈಗ? ಅಣ್ಣ ಬೇರೆ ತಂದಿದಾರಂತಲ್ಲ, ನಿಮಗಿದು ಬೇಡ ಅಂದ್ಕೊಂಡೆ."

"ಬೇಡ ಅಂತ ಯಾರು ಹೇಳಿದ್ರು?"

"ಅಣ್ಣನೇ."

ಅವತ್ತು ನಾನಂದ "ಚೆನ್ನಾಗಿದೆ" ಇಲ್ಲಿಯವರೆಗೆ ಬಂದು ಮುಟ್ಟಿತ್ತು. ಆಂಪ್ಲಿಫೈಯರ್ ಅಟ್ಟದ ಮೇಲೆ ಖಾಲಿ ಭರಣಿಗಳ ನಡುವೆ ಸಿಕ್ಕಿತು. ಅಲ್ಲಿಯೇ ನಿಂತು ಟೀಚರಿಗೆ ಫೋನು ಮಾಡಿ, ಯಾಕೆ ಮಾಡಿದೆನೆಂದು ಸರಿಯಾಗಿ ತಿಳಿಯದೆಯೇ ಎಲ್ಲವನ್ನೂ ಹೇಳಿಕೊಂಡೆ. ನಮ್ಮ ಮಹಡಿಗೆ ಪೆಟ್ಟಿಗೆ ಹತ್ತುವುದಿಲ್ಲ, ಇಲ್ಲಿ ಬಿಡಲು ಮನಸ್ಸಿಲ್ಲ.

"ನಮ್ಮನೆಗ್ ತಗಂಡ್ ಬಾ" ಎಂದರು ಟೀಚರ್. "ಚಿತ್ರ ಇಡೋ ರೂಮಲ್ಲಿ ಬೇಕಾದಷ್ಟು ಜಾಗ ಇದೆ. ನೆಲದ ಮೇಲಿನ ಮನೆ, ಮೆಟ್ಲು ಗಿಟ್ಲು ಎಂತ ಇಲ್ಲ."

ಒಂದು ಭಾನುವಾರ ಬಾಡಿಗೆ ಗೂಡ್ಸ್ ಗಾಡಿಯಲ್ಲಿ ಪೆಟ್ಟಿಗೆಗಳು ಸಾಗರದಿಂದ ತೀರ್ಥಹಳ್ಳಿಗೆ ಹೋದವು. ನಾದಿನಿಗೆ ಬದಲಿಗೆ ಟಿವಿ ಸ್ಟ್ಯಾಂಡ್ ಕೊಡಿಸಿದೆ. ಇವರು ಬೇಡವೆಂದೇ ಹೇಳುತ್ತ ಬಂದವರು, ಹೊರಡುವ ಹೊತ್ತಿಗೆ ಪ್ಯಾಂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಪೆಟ್ಟಿಗೆ ಇಳಿಸುವಾಗ ಸೊಂಟ ಹಿಡಿದುಕೊಂಡು, "ಇದ್ರ ಭಾರಕ್ಕೇ ಜನ ಹೊಸ್ದು ಕಂಡುಹಿಡಿದಿದ್ದು" ಎಂದು ಗೊಣಗಿದರು. ಆದರೆ ಕೊನೆಯ ಪೆಟ್ಟಿಗೆ ಗೋಡೆ ಸೇರುವವರೆಗೂ ಕೈ ಬಿಡಲಿಲ್ಲ.

ಹೊಸನಗರದಿಂದ ತಂದಿದ್ದ ಡೆಕ್ಕನ್ನೂ ಜೋಡಿಸಿ ಆಂಪ್ಲಿಫೈಯರ್ ಹಾಕಿದರೆ ಬಲಗಡೆಯ ಪೆಟ್ಟಿಗೆ ಪಟಪಟ ಎಂದಿತು. ಗುಂಡಿಯನ್ನು ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ಸಾಕಾಯಿತು. ನಾದಿನಿಯ ಅಟ್ಟದಲ್ಲಿ ಧೂಳು ಕುಡಿದಿತ್ತು. ಕಡೆಗೂ ಒಂದು ಜಾಗದಲ್ಲಿ ಸದ್ದು ಸ್ಥಿರವಾಯಿತು, ನಾನು ಕೈ ತೆಗೆದು ಹಿಂದೆ ಸರಿದೆ. ಕ್ಯಾಸೆಟ್ ಹಾಕಿದೆ. ಟೀಚರ್ ಚಿತ್ರಗಳ ನಡುವೆ ಮರದ ಸ್ಟೂಲಿನ ಮೇಲೆ ಕೂತರು, ಇವರು ಬಾಗಿಲ ಬಳಿ ಸೊಂಟ ಒತ್ತಿಕೊಳ್ಳುತ್ತ ನಿಂತರು.

ಆರೋಪ ಮುಗಿಯಿತು. ಪ್ರಶ್ನೆ ಬಂತು. ಟೇಪು ಸುಯ್ಯೆಂದಿತು. ಬೆಂಚು ಸರಿದ ಸದ್ದು ಎಡಗಡೆಯಿಂದ ಬಂತು. ಹಿಂದೆ ಕೆಮ್ಮು.

"ಹೌದು."

ಟೀಚರ್ ತುಟಿ ಅಲುಗಿತು. ಅವರು ಕೈ ಎತ್ತಿ ನನಗೆ ನಿಲ್ಲಿಸಲು ಸನ್ನೆ ಮಾಡಿದರು. ನಿಲ್ಲಿಸಿದೆ.

"ಆ ಕೆಮ್ಮಿದ್ದು ನಮ್ಮ ಚಿಕ್ಕಪ್ಪ ಕಣೇ. ಇಷ್ಟ್ ವರ್ಷ ಕೇಳಿದೀನಿ, ಈಗ ಗೊತ್ತಾಯ್ತು ನೋಡು. ಅಪ್ಪ ಎಲ್ಲೇ ಅರ್ಥ ಹೇಳ್ಳಿ, ಹಿಂದೆ ಹೋಗಿ ಕೂರೋರು."

ಇವರು ಬಾಗಿಲಿನಿಂದ ಒಳಗೆ ಬಂದು, "ಇನ್ನೊಂದ್ಸಲ ಹಾಕು" ಎಂದರು. ಹಿಂದಕ್ಕೆ ಸುತ್ತಿ ಹಾಕಿದೆ. ಪ್ರಶ್ನೆ ಬಂದು, ಮೌನ ಶುರುವಾಗಿತ್ತಷ್ಟೇ, ಕರೆಂಟು ಹೋಯಿತು. ಕಾದೆವು, ಕಾಫಿ ಕುಡಿದೆವು, ಇನ್ನೂ ಕಾದೆವು. ಬರಲಿಲ್ಲ. ಬಸ್ಸಿನ ಹೊತ್ತಾಯಿತು, ಈ ಸಲ ನಮ್ಮದು.

ಈಗ ಪರಿಸ್ಥಿತಿ ಹೀಗಿದೆ. ವಯರಿಲ್ಲದ ಸ್ಪೀಕರುಗಳು ಹೊಸನಗರದ ಹಾಲಿನಲ್ಲಿ ಇವರ ವಶದಲ್ಲಿವೆ. ಬೆಳಿಗ್ಗೆ ಸುಪ್ರಭಾತದಿಂದ ಹಿಡಿದು ಹಳೆಯ ಸಿನಿಮಾ ಹಾಡು, ವಾರ್ತೆ, ಎಲ್ಲ ಅದರಲ್ಲೇ. ಕಸ ಗುಡಿಸುತ್ತ, ತರಕಾರಿ ಹೆಚ್ಚುತ್ತ ಕೇಳುತ್ತಾರೆ, ಹಾಡು ಎಲ್ಲಿ ನಿಂತರೂ ಬೇಸರವಿಲ್ಲ. ಕಾಲೇಜಿನಲ್ಲಿ ಕಾಮರ್ಸ್ ಮೇಡಂ ಒಬ್ಬರು ತಮ್ಮ ತಂದೆಗೆ ಅಂಥದ್ದು ಕೊಡಿಸಲೇ ಎಂದು ಕೇಳಿದಾಗ, "ನಿಮ್ಮ ತಂದೆ ಹಾಡು ಹಾಕಿ ಓಡಾಡ್ತಾರಾ, ಕೂತು ಕೇಳ್ತಾರಾ?" ಎಂದೆ. ಕೂತು ಕೇಳುತ್ತಾರೆ, ಮನೆಯಲ್ಲಿ ಹಳೆಯ ಆಂಪ್ಲಿಫೈಯರ್ ಇದೆ ಎಂದರು. "ಹಾಗಾದ್ರೆ ಅವರನ್ನ ಕೇಳದೆ ತರಬೇಡಿ" ಎಂದೆ. ಅವರು ಧ್ವನಿ ಚೆನ್ನಾಗಿಲ್ಲವೇ ಎಂದು ಕೇಳಿದರು. ಚೆನ್ನಾಗಿದೆ ಎಂದು ಒಪ್ಪಿಕೊಳ್ಳುವಾಗ ನನಗೆ ಮತ್ತೆ ಸಿಟ್ಟು ಬಂತು.

ನನ್ನ ಡೆಕ್ಕೂ ಕ್ಯಾಸೆಟ್ಟುಗಳೂ ತೀರ್ಥಹಳ್ಳಿಯಲ್ಲೇ ಉಳಿದಿವೆ. ಅವಿಲ್ಲದೆ ಪೆಟ್ಟಿಗೆಗಳಿಂದ ಉಪಯೋಗವಿಲ್ಲ. ನನಗೆ ಕೇಳಬೇಕೆನಿಸಿದರೆ ಬಸ್ಸು ಹತ್ತಬೇಕು, ಹೋದ ದಿನ ಕರೆಂಟು ಇರಬೇಕು, ಬಲಗಡೆಯ ಪೆಟ್ಟಿಗೆಗೆ ಮನಸ್ಸಿರಬೇಕು. ಟೀಚರ್ ಮಾತ್ರ ಯಂತ್ರವನ್ನು ಚೆನ್ನಾಗಿ ಕಲಿತುಬಿಟ್ಟಿದ್ದಾರೆ. ನನ್ನ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಹಾಕಿ ಕೇಳುತ್ತಾರಂತೆ. ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವರ ಫೋನು ಬರುತ್ತದೆ.

"ಇದು ಯಾವ ರಾಗವೇ? ತಡಿ, ಪೆಟ್ಟಿಗೆ ಹತ್ರ ಹಿಡೀತೀನಿ. ಕೇಳ್ತಿದ್ಯಾ?"

ಫೋನಿನಲ್ಲಿ ಏನೋ ಕೀಚಲು ಸದ್ದು ಬರುತ್ತದೆ. ಇತ್ತ ಹಾಲಿನಲ್ಲಿ ಇವರ ವಾರ್ತೆ. ನಾನು ಒಂದು ಕಿವಿ ಮುಚ್ಚಿಕೊಂಡು ಬಚ್ಚಲಿನ ಕಡೆ ಹೋಗಿ, "ಕೇಳ್ತಿದೆ ಟೀಚರ್, ಕೇಳ್ತಿದೆ" ಎನ್ನುತ್ತೇನೆ.

ಹೋದ ವಾರದಿಂದ ಹೊಸನಗರದಲ್ಲಿ ನೆಲದ ಮೇಲಿನ, ದೊಡ್ಡ ಹಾಲಿರುವ ಬಾಡಿಗೆ ಮನೆ ಹುಡುಕುತ್ತಿದ್ದೇನೆ. ಟೀಚರಿಗೆ ಹೇಗೆ ಹೇಳುವುದೆಂದು ತಿಳಿಯುತ್ತಿಲ್ಲ. ಇವರಿಗಂತೂ ಇನ್ನೂ ಹೇಳಿಲ್ಲ.